ಮೂರು ಗಂಟೆಯ ಎಚ್ಚರ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ಸುಲಿದು ಬೀಜ ವಿಂಗಡಿಸುವ) ಕಾರ್ಖಾನೆಯ ಲೆಕ್ಕಪತ್ರ ವಿಭಾಗದಲ್ಲಿ ನಾನು ಕೆಲಸಕ್ಕೆ ಸೇರಿ 19 ವರ್ಷಗಳಾದವು. ಡಿಸೆಂಬರಿನಿಂದ ಮಾರ್ಚ್ ಮುಗಿಯುವವರೆಗೆ ನಮಗೆ ಬಿಡುವೆಂಬುದಿಲ್ಲ. ತೋಟಗಳಿಂದ ಪಾರ್ಚ್‌ಮೆಂಟ್ (ತಿರುಳು ತೆಗೆದು ಒಳಪೊರೆಯೊಂದಿಗೆ ಒಣಗಿಸಿದ ಬೀಜ) ಮತ್ತು ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು) ಮೂಟೆಗಳು ಲಾರಿ, ಪಿಕಪ್‌ಗಳಲ್ಲಿ ಬಂದು ಇಳಿಯುತ್ತಲೇ ಇರುತ್ತವೆ. ಪ್ರತಿ ಲಾಟಿನ ತೇವಾಂಶ ಮತ್ತು ತೂಕವನ್ನು ದಾಖಲಿಸಿ, 50 ಕಿಲೋ ಮೂಟೆಯೊಂದರಿಂದ ಎಷ್ಟು ಕಿಲೋ ಶುದ್ಧ ಬೀಜ ಸಿಕ್ಕಿತೆಂಬ ಔಟ್‌ಟರ್ನ್ ಲೆಕ್ಕವನ್ನು ಬೆಳೆಗಾರರಿಗೆ ಒಪ್ಪಿಸಬೇಕು. ದಿನದಿನಕ್ಕೂ ಏರಿಳಿಯುವ ಧಾರಣೆಯನ್ನೇ ನೋಡುತ್ತ ಕುಳಿತ ಅವರ ಫೋನುಗಳಿಗೆ ರಾತ್ರಿ ಒಂಬತ್ತರವರೆಗೂ ಉತ್ತರಿಸಬೇಕು. ವರ್ಷವಿಡೀ ಬೆವರು ಹರಿಸಿದ ಬೆಳೆಯ ಲೆಕ್ಕ ಅದಾದ್ದರಿಂದ ಅವರ ಅವಸರವನ್ನು ನಾನು ಎಂದೂ ತಪ್ಪೆಂದು ಎಣಿಸಿದವಳಲ್ಲ. ಆದರೆ ಆ ಅವಸರ ನನ್ನೊಳಗೇ ಮನೆಮಾಡಿಕೊಂಡು, ಹಂಗಾಮು ಮುಗಿದ ಮೇಲೂ ಹೊರಹೋಗದೆ ಉಳಿದದ್ದು ನನಗೆ ತಿಳಿಯುವ ಹೊತ್ತಿಗೆ ವಯಸ್ಸು 47 ಆಗಿತ್ತು.

ಎರಡು ವರ್ಷದ ಹಿಂದಿನ ಫೆಬ್ರುವರಿಯಲ್ಲಿ ಒಬ್ಬ ಬೆಳೆಗಾರರ 62 ಮೂಟೆ ಪಾರ್ಚ್‌ಮೆಂಟನ್ನು ಅದೇ ಹೆಸರಿನ ಇನ್ನೊಬ್ಬರ ಖಾತೆಗೆ ಜಮಾ ಮಾಡಿಬಿಟ್ಟೆ. ಸಂಜೆಯ ತಾಳೆ ನೋಡುವಾಗ ತಪ್ಪು ಸಿಕ್ಕಿತು, ಯಾರಿಗೂ ನಷ್ಟವಾಗಲಿಲ್ಲ. ಆದರೆ ಅದನ್ನು ಹುಡುಕುತ್ತಿದ್ದ ಆ ಎರಡು ಗಂಟೆಗಳಲ್ಲಿ, ಮುಂಗಡದ ಹಣ ಕೇಳಲು ಬಂದ, ಕಾಳು ಆರಿಸುವ ವಿಭಾಗದ ಹಿರಿಯ ಹೆಂಗಸೊಬ್ಬರ ಮೇಲೆ ನಾನು ಎಲ್ಲರ ಎದುರಿಗೆ ಕಿರುಚಿದೆ. ನನಗಿಂತ ಹದಿನೈದು ವರ್ಷ ದೊಡ್ಡವರಾದ ಅವರು ಒಂದು ಮಾತೂ ಆಡದೆ ಸೆರಗು ಸರಿಮಾಡಿಕೊಂಡು ಹೊರಟುಹೋದರು. ಕೈಯಲ್ಲಿದ್ದ ಪೆನ್ನು ನಡುಗುತ್ತಿತ್ತು. ಆ ರಾತ್ರಿ ಮೂರು ಗಂಟೆಗೆ ಎಚ್ಚರವಾಯಿತು. ಕಣ್ಣೆದುರು ಲೆಡ್ಜರಿನ ಪುಟಗಳು, ಕಿವಿಯಲ್ಲಿ ನನ್ನದೇ ಕಿರುಚಾಟ. ಮಾರನೆಯ ರಾತ್ರಿಯೂ ಅದೇ ಮೂರು ಗಂಟೆ. ಏಪ್ರಿಲ್ ಬಂದು ಗೋದಾಮು ಬರಿದಾದರೂ ಆ ಎಚ್ಚರ ಮಾತ್ರ ತಪ್ಪಲಿಲ್ಲ.

ಮೊದಲು ಹೋದದ್ದು ನಮ್ಮ ಮನೆಯವರೆಲ್ಲ ನೆಚ್ಚಿಕೊಂಡಿರುವ ಫಿಸಿಷಿಯನ್ ಬಳಿಗೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಿದ್ದೆಗೇಡು, ಎದೆಬಡಿತ, ಸಿಡುಕು ಇವನ್ನೆಲ್ಲ 'ಟೆನ್ಷನ್' ಎಂಬ ಒಂದೇ ಚೀಲಕ್ಕೆ ತುಂಬಿಬಿಟ್ಟರೆ ಥೈರಾಯ್ಡ್, ರಕ್ತಹೀನತೆ, ಹೃದಯದ ತೊಂದರೆಗಳೂ ಅದೇ ಚೀಲದಲ್ಲಿ ಕಣ್ಣುತಪ್ಪಿಸಿ ಕುಳಿತಿರಬಹುದು. ನನ್ನ ರಕ್ತದೊತ್ತಡ 148/94 ಇತ್ತು. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ, ಇಸಿಜಿ ಎಲ್ಲ ಸರಿಯಿದ್ದವು. ಈಗಲೇ ಮಾತ್ರೆ ಬೇಡ, ಉಪ್ಪು ಕಡಿಮೆ ಮಾಡಿ, ದಿನವೂ ನಡೆಯಿರಿ, ಮನೆಯಲ್ಲಿ ಒತ್ತಡ ಅಳೆದು ಬರೆದಿಡಿ, ಮೂರು ತಿಂಗಳು ನೋಡಿ ತೀರ್ಮಾನಿಸೋಣ ಎಂದರು ಡಾಕ್ಟರು. "ಸ್ವಲ್ಪ ನಿಧಾನ ಮಾಡಿ ಮೇಡಂ" ಎಂಬ ಮಾತನ್ನೂ ಸೇರಿಸಿದರು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು, ನಿಧಾನ ಮಾಡುವುದು ಹೇಗೆಂದು ಕೇಳಲು ನನಗೆ ಬಾಯಿ ಬರಲಿಲ್ಲ.

ಹೋಮಿಯೋಪಥಿಯ ಕಡೆ ನನ್ನನ್ನು ತಿರುಗಿಸಿದ್ದು ಹಳೆಯ ನೆನಪು. ತರೀಕೆರೆ ಕಡೆಯ ನನ್ನ ತವರಿನಲ್ಲಿ, ಮಂಗಳೂರಿಗೆ ಹೋಗಿಬರುವವರ ಕೈಯಲ್ಲಿ ಅಜ್ಜಿ ಬಿಳಿಯ ಸಕ್ಕರೆ ಗುಳಿಗೆಗಳನ್ನು ತರಿಸಿಡುತ್ತಿದ್ದರು. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಆರಂಭಿಸಿದ ಮೇಲೆ ಆ ಗುಳಿಗೆಗಳು ಘಟ್ಟ ಹತ್ತಿ ಮಲೆನಾಡಿನ ಮನೆಗಳಿಗೂ ಬಂದಿದ್ದವು. ನಮ್ಮೂರಿನಲ್ಲೇ ಬಿಎಚ್‌ಎಂಎಸ್ (ಹೋಮಿಯೋಪಥಿ ಪದವಿ) ಓದಿದ ಒಬ್ಬ ವೈದ್ಯೆ ಇದ್ದಾರೆಂದು ಅತ್ತೆ ಹೇಳಿದರು. ಮೇ ತಿಂಗಳ ಒಂದು ಶನಿವಾರ ಹೋದೆ.

ಆ ಮೊದಲ ಭೇಟಿ ಒಂದೂವರೆ ಗಂಟೆ ನಡೆಯಿತು. ನನ್ನ ಬದುಕಿನಲ್ಲಿ ಯಾರೊಬ್ಬರೂ ಒಂದೂವರೆ ಗಂಟೆ ಬರೀ ನನ್ನನ್ನು ಕುರಿತೇ ಕೇಳಿ, ನಡುವೆ ಬಾಯಿ ಹಾಕದೆ ಬರೆದುಕೊಂಡದ್ದು ಅದೇ ಮೊದಲು. ನಿದ್ದೆ ಕೆಡುವ ಹೊತ್ತು ಯಾವುದು, ಎಚ್ಚರವಾದಾಗ ಮೊದಲು ಬರುವ ಯೋಚನೆ ಯಾವುದು, ಸೆಖೆ ತಡೆಯುವುದಿಲ್ಲವೋ ಚಳಿ ತಡೆಯುವುದಿಲ್ಲವೋ, ಉಪ್ಪು ಇಷ್ಟವೋ ಸಿಹಿಯೋ, ಊಟಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಅಳು ಬಂದರೆ ಜನರ ಎದುರು ಅಳುತ್ತೀರೋ ಒಬ್ಬರೇ ಇದ್ದಾಗಲೋ ಎಂದೆಲ್ಲ ಕೇಳಿದರು. ಊಟಕ್ಕೆ ಏಳು ನಿಮಿಷ ಎಂದು ಹೇಳುವಾಗ ನನಗೇ ನಾಚಿಕೆಯಾಯಿತು. "ಯಾರಾದರೂ ಸಮಾಧಾನ ಹೇಳಿದರೆ ಹಗುರ ಅನಿಸುತ್ತದೆಯೇ, ಸಿಟ್ಟು ಬರುತ್ತದೆಯೇ?" ಎಂದು ಅವರು ಕೇಳಿದಾಗ ಉತ್ತರ ಹೊಳೆಯಲಿಲ್ಲ. ನನಗೆ ಸಮಾಧಾನ ಹೇಳಲು ಯಾರಿಗೂ ಎಡೆಯನ್ನೇ ಕೊಟ್ಟಿರಲಿಲ್ಲವೆಂಬುದು ಆಗ ಅರಿವಾಗಿ, ಆ ಅಪರಿಚಿತ ಕೋಣೆಯಲ್ಲಿ ಕುಳಿತು ಅತ್ತೆ. ಅವರು ಪೆನ್ನು ಕೆಳಗಿಟ್ಟು, ನಾನಾಗಿ ನಿಲ್ಲಿಸುವವರೆಗೆ ಕಾದರು. ಮುಂದೆ ನಡೆದದ್ದಕ್ಕೆಲ್ಲ ಮೊದಲ ಮದ್ದು ಆ ಕಾಯುವಿಕೆಯೇ ಎಂದು ಇವತ್ತಿಗೂ ನಂಬಿದ್ದೇನೆ.

ಬರೆದುಕೊಟ್ಟದ್ದು ನಕ್ಸ್ ವೋಮಿಕ, 30ರ ಪೊಟೆನ್ಸಿ. ಇದು ಯಾವುದರಿಂದ ಮಾಡಿದ್ದೆಂದು ಕೇಳಿದಾಗ ಕಾಸರಕದ ಬೀಜದಿಂದ ಎಂದರು. ನನಗೆ ಬೆಚ್ಚಿದಂತಾಯಿತು. ತವರಿನ ಕಾಡಂಚಿನಲ್ಲಿ ಆ ಮರವಿದೆ. ಹಣ್ಣು ಕಿತ್ತಳೆಯಂತೆ ಕಂಡರೂ ಬೀಜ ಕಡುವಿಷವೆಂದು ಚಿಕ್ಕಂದಿನಲ್ಲೇ ನಮ್ಮನ್ನು ಹೆದರಿಸಿದ್ದರು. ಆರೋಗ್ಯವಂತರಲ್ಲಿ ಯಾವ ವಸ್ತು ಯಾವ ಲಕ್ಷಣ ಹುಟ್ಟಿಸುತ್ತದೋ ಅದೇ ಲಕ್ಷಣದ ರೋಗಿಗೆ ಆ ವಸ್ತುವನ್ನೇ ಅತ್ಯಂತ ಸೂಕ್ಷ್ಮವಾಗಿಸಿ ಕೊಡಬೇಕೆಂಬುದು ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್ 1796ರಲ್ಲಿ ಮುಂದಿಟ್ಟ ತತ್ತ್ವವೆಂದೂ, ದುಡಿಮೆಯಲ್ಲಿ ಮುಳುಗಿ, ಕಾಫಿಯನ್ನೇ ನೆಚ್ಚಿ, ಬೇಗ ಸಿಡುಕಿ, ಮುಂಜಾವದ ಮೂರಕ್ಕೆ ಎದ್ದು ಕೆಲಸದ ಚಿಂತೆ ಮಾಡುವವರಿಗೆ ತಮ್ಮ ಪದ್ಧತಿ ಹೇಳುವ ಔಷಧ ಇದೆಂದೂ ಅವರು ವಿವರಿಸಿದರು. ರಕ್ತದೊತ್ತಡದ ತಪಾಸಣೆಯನ್ನು ಬಿಡಬಾರದು, ಆ ಡಾಕ್ಟರು ಮುಂದೆ ಮಾತ್ರೆ ಬರೆದರೆ ಅದನ್ನು ನಿಲ್ಲಿಸಬಾರದು, ತಮ್ಮ ಗುಳಿಗೆ ಬರೀ ಊರುಗೋಲು ಎಂದು ಅವರು ತಾವಾಗಿಯೇ ಹೇಳಿದ್ದರಿಂದ ನನಗೆ ಅವರ ಮೇಲೆ ವಿಶ್ವಾಸ ಮೂಡಿತು.

ಗುಳಿಗೆ ತೆಗೆದುಕೊಳ್ಳುವ ಕ್ರಮವೂ ಇತ್ತು. ಕೈಯಿಂದ ಮುಟ್ಟದೆ ಮುಚ್ಚಳಕ್ಕೆ ನಾಲ್ಕು ಗುಳಿಗೆ ಸುರಿದು ನಾಲಿಗೆಯ ಮೇಲೆ ಹಾಕಿಕೊಳ್ಳಬೇಕು, ಜಗಿಯಬಾರದು, ಕರಗುವವರೆಗೆ ಸುಮ್ಮನೆ ಕೂರಬೇಕು, ಅರ್ಧ ಗಂಟೆ ಹಿಂದೆ ಮುಂದೆ ಏನನ್ನೂ ತಿನ್ನಬಾರದು, ಕುಡಿಯಬಾರದು. ಬೆಳಿಗ್ಗೆ ಎದ್ದವಳೇ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಫೋನು ಹಿಡಿಯುತ್ತಿದ್ದ ನನಗೆ ಆ ಸುಮ್ಮನೆ ಕೂರುವ ಕೆಲವು ನಿಮಿಷಗಳೇ ಕಠಿಣವಾಗಿ ಕಂಡವು. ಮೊದಲ ವಾರ ಕುಳಿತಲ್ಲೇ ಕಾಲು ಕುಣಿಸುತ್ತಿದ್ದೆ. ಎರಡನೆಯ ವಾರದಲ್ಲಿ ಹಿತ್ತಲಿನ ಹಲಸಿನ ಮರಕ್ಕೆ ಎಷ್ಟು ಬಗೆಯ ಹಕ್ಕಿಗಳು ಬರುತ್ತವೆಂದು ಗಮನಿಸತೊಡಗಿದೆ.

ಇದೆಲ್ಲದಕ್ಕಿಂತ ದೊಡ್ಡ ಷರತ್ತು ಕಾಫಿಯನ್ನು ಬಿಡುವುದಾಗಿತ್ತು. ಹಾನಿಮನ್‌ಗೆ ಕಾಫಿಯೆಂದರೆ ಆಗುತ್ತಿರಲಿಲ್ಲ. 1803ರಷ್ಟು ಹಿಂದೆಯೇ ಅದರ ಪರಿಣಾಮಗಳ ಮೇಲೆ ಅವರು ಪ್ರಬಂಧ ಬರೆದಿದ್ದಾರೆ, ಹೋಮಿಯೋಪಥಿಯ ಪಥ್ಯದಲ್ಲಿ ಕಾಫಿಯ ನಿಷೇಧ ಅಂದಿನಿಂದ ಬಂದದ್ದು. ಬಾಬಾಬುಡನ್ ಅವರು ಏಳು ಬೀಜ ತಂದು ನೆಟ್ಟರೆಂಬ ಬೆಟ್ಟದ ಬುಡದಲ್ಲಿ ಹುಟ್ಟಿ, ಕಾಫಿಯ ಮೂಟೆ ಎಣಿಸಿಯೇ ಅನ್ನ ತಿನ್ನುವ ನಾನು ಆ ಮಾತನ್ನು ಕೇಳಿ ತಬ್ಬಿಬ್ಬಾದೆ. ನಾನು ದಿನಕ್ಕೆ ಎಷ್ಟು ಲೋಟ ಕುಡಿಯುತ್ತೇನೆಂದು ವೈದ್ಯೆ ಬರೆದಿಡಲು ಹೇಳಿದರು. ಮೂರು ಅಥವಾ ನಾಲ್ಕು ಎಂದುಕೊಂಡಿದ್ದೆ. ಬರೆದು ನೋಡಿದಾಗ ಏಳು, ಕೊನೆಯದು ಸಂಜೆ ಐದರ ಮೇಲೆ.

ಕಾಫಿಯೊಳಗಿನ ಕೆಫೀನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಆರೋಗ್ಯವಂತರಲ್ಲಿ ಸುಮಾರು ಐದು ಗಂಟೆ ಬೇಕು. ದಣಿವಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ಅಡಿನೋಸಿನ್ ಎಂಬ ರಾಸಾಯನಿಕ ಕೂರುವ ಜಾಗದಲ್ಲಿ ಕೆಫೀನ್ ಕುಳಿತುಬಿಡುವುದರಿಂದ ದಣಿವು ತಿಳಿಯುವುದಿಲ್ಲ, ದಣಿವೇನೂ ಹೋಗಿರುವುದಿಲ್ಲ. ಲೆಕ್ಕ ನನ್ನ ಕಸುಬಾದ್ದರಿಂದ ಹಾಕಿ ನೋಡಿದೆ: ಸಂಜೆ ಐದರ ಲೋಟದ ಅರ್ಧದಷ್ಟು ಕೆಫೀನ್ ರಾತ್ರಿ ಹತ್ತಕ್ಕೂ, ಕಾಲುಭಾಗ ಮುಂಜಾವದ ಮೂರಕ್ಕೂ ನನ್ನೊಳಗೆ ಉಳಿದಿರುತ್ತದೆ. 19 ವರ್ಷ ಔಟ್‌ಟರ್ನ್ ಲೆಕ್ಕ ಹಾಕಿದವಳು ಈ ಒಂದು ಲೆಕ್ಕವನ್ನು ಹಾಕಿರಲಿಲ್ಲ.

ಬಿಡುವ ರೀತಿಯಲ್ಲಿ ಮಾತ್ರ ತಪ್ಪು ಮಾಡಿದೆ. ಸೋಮವಾರ ಬೆಳಿಗ್ಗೆ ಒಮ್ಮೆಗೇ ನಿಲ್ಲಿಸಿದೆ. ಮಂಗಳವಾರ ಮಧ್ಯಾಹ್ನಕ್ಕೆ ತಲೆ ಸೀಳುವಂಥ ನೋವು, ಬುಧವಾರ ಅದರ ಜೊತೆ ಓಕರಿಕೆ ಮತ್ತು ಎಲ್ಲರ ಮೇಲೂ ಅಸಹನೆ. ಹೋಮಿಯೋಪಥಿ ಔಷಧ ಮೊದಲು ರೋಗವನ್ನು ಉಲ್ಬಣಿಸಿ ಆಮೇಲೆ ಇಳಿಸುತ್ತದೆಂದು ಪರಿಚಿತರೊಬ್ಬರು ಹೇಳಿದ್ದರಿಂದ ಎರಡು ದಿನ ಹಾಗೆಯೇ ಸಹಿಸಿದೆ. ಫಿಸಿಷಿಯನ್‌ಗೆ ಫೋನ್ ಮಾಡಿದಾಗ ಇದು ಕೆಫೀನ್ ಬಿಟ್ಟವರಿಗೆ ಬರುವ ತಲೆನೋವು, ಒಂದು ದಿನದೊಳಗೆ ಶುರುವಾಗಿ ಎರಡನೆಯ ದಿನದ ಹೊತ್ತಿಗೆ ಹೆಚ್ಚಿ ವಾರದಷ್ಟು ಕಾಲ ಇರಬಹುದು, ಹಂತಹಂತವಾಗಿ ಬಿಡಬೇಕಾಗಿತ್ತು ಎಂದರು. ವೈದ್ಯೆಯೂ ಅದನ್ನು ಒಪ್ಪಿದರು. ಆಮೇಲೆ ಮೂರು ದಿನಕ್ಕೊಂದು ಲೋಟದಂತೆ ಇಳಿಸುತ್ತ ಬಂದು ಬೆಳಗಿನ ಒಂದೇ ಲೋಟಕ್ಕೆ ನಿಂತೆ, ಅದನ್ನು ಗುಳಿಗೆಯಿಂದ ಒಂದು ಗಂಟೆ ದೂರವಿಟ್ಟೆ. ಒಂದೇ ಲೋಟವೆಂದು ಗೊತ್ತಾದ ಮೇಲೆ ಅದನ್ನು ಕೂತು ಕುಡಿಯುವುದು ತಾನಾಗಿ ಬಂತು. ಚಿಕೋರಿ ಬೆರೆಸದ ಅರೇಬಿಕಾದ ಹುಳಿಯ ಛಾಯೆ ನಾಲಿಗೆಗೆ ಸಿಕ್ಕಿದ್ದೂ ಆಗಲೇ.

ವೈದ್ಯೆ ಹಾಕಿಕೊಟ್ಟ ಉಳಿದ ಪಾಠಗಳು ಸರಳವಾಗಿದ್ದವು. ಊಟಕ್ಕೆ 25 ನಿಮಿಷ. ಆ ಹೊತ್ತಿನಲ್ಲಿ ಫೋನು ಮೇಜಿನ ಡ್ರಾಯರಿನಲ್ಲಿ. ಬೆಳೆಗಾರರಿಗೆ ಸಂಜೆ ನಾಲ್ಕರಿಂದ ಐದರವರೆಗೆ ನಾನೇ ಫೋನ್ ಮಾಡುತ್ತೇನೆಂದು ಮೊದಲೇ ತಿಳಿಸಿಟ್ಟೆ. ಎರಡು ವಾರ ಗೊಣಗಿದವರು ಆಮೇಲೆ ಅದಕ್ಕೆ ಹೊಂದಿಕೊಂಡರು, ಹೇಳಿದ ಹೊತ್ತಿಗೆ ತಪ್ಪದೆ ಫೋನ್ ಬರುತ್ತದೆಂಬ ನಂಬಿಕೆಯೇ ಅವರ ಅರ್ಧ ಆತಂಕವನ್ನು ಇಳಿಸಿತೆಂದು ತೋರುತ್ತದೆ. ಬೆಳಿಗ್ಗೆ ಆರಕ್ಕೆ ರತ್ನಗಿರಿ ಬೋರೆಗೆ ನಡಿಗೆ. ಚಂದ್ರದ್ರೋಣ ಪರ್ವತದ ಸಾಲು ಮಂಜಿನಿಂದ ಹೊರಬರುವವರೆಗೆ ಅಲ್ಲಿನ ಕಲ್ಲುಬೆಂಚಿನ ಮೇಲೆ ಕುಳಿತು ಉಸಿರಾಟ. ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ, ಅಂದರೆ ನಿಮಿಷಕ್ಕೆ ಆರು ಉಸಿರು. ಉಸಿರು ಒಳಗೆಳೆದಾಗ ನಾಡಿ ತುಸು ವೇಗವಾಗಿ, ಬಿಟ್ಟಾಗ ನಿಧಾನವಾಗುವುದು ದೇಹದ ಸಹಜ ಧರ್ಮ, ಹೊರಬಿಡುವ ಹೊತ್ತು ಹೆಚ್ಚಿದಷ್ಟೂ ದೇಹವನ್ನು ಶಾಂತಗೊಳಿಸುವ ವೇಗಸ್ ನರದ ಕೈ ಮೇಲಾಗುತ್ತದೆ. ಮಣಿಕಟ್ಟಿನ ಮೇಲೆ ಬೆರಳಿಟ್ಟು ಇದನ್ನು ನಾನೇ ಪರೀಕ್ಷಿಸಿ ನೋಡಿದ್ದೇನೆ. ವಾರಾಂತ್ಯಗಳಲ್ಲಿ ಬೆಟ್ಟದ ಕಡೆ ಹೋಗುವ ಪ್ರವಾಸಿಗರ ಕಾರುಗಳು ಬೆಳಿಗ್ಗೆ ಐದರಿಂದಲೇ ಹಾರ್ನ್ ಹೊಡೆಯುತ್ತ ಊರನ್ನು ತುಂಬಿಬಿಡುತ್ತವೆ. ವಿಶ್ರಾಂತಿಗಾಗಿ ಬಂದವರಲ್ಲೂ ಅಷ್ಟೊಂದು ಧಾವಂತವಿರುವುದನ್ನು ನೋಡಿ ನನಗೆ ಅವರ ಬಗ್ಗೆ ಮರುಕವಾಗುತ್ತಿತ್ತು.

ಜೂನ್ ಕೊನೆಗೆ ವೈದ್ಯೆ ಔಷಧ ಬದಲಿಸಿದರು. ಹೊಸ ಸೀಸೆಯ ಮೇಲೆ ಕಾಫಿಯಾ ಕ್ರೂಡ ಎಂದಿತ್ತು. ಹುರಿಯದ ಹಸಿ ಕಾಫಿ ಬೀಜದಿಂದ ಮಾಡಿದ್ದು, ಯೋಚನೆಗಳು ನಿಲ್ಲದೆ ನಿದ್ದೆ ಬಾರದವರಿಗೆ ಕೊಡುವಂಥದ್ದು. ಆ ರಾತ್ರಿ ಅದನ್ನು ಊಟದ ಮೇಜಿನ ಮೇಲಿಟ್ಟಿದ್ದಾಗ ಪಿಯುಸಿಯಲ್ಲಿ ವಿಜ್ಞಾನ ಓದುತ್ತಿದ್ದ ಮಗಳು ಕೈಗೆತ್ತಿಕೊಂಡಳು. "ಅಮ್ಮಾ, 30 ಅಂದ್ರೆ ಒಂದಕ್ಕೆ ನೂರರಂತೆ ಮೂವತ್ತು ಸಲ ತೆಳುವಾಗಿಸಿದ್ದು ಅಲ್ವಾ? ಒಂದರ ಮುಂದೆ 60 ಸೊನ್ನೆ ಆಗತ್ತೆ. ಒಂದು ಮೋಲ್‌ನಲ್ಲಿರೋ ಅಣುಗಳೇ 6.022 ಗುಣಿಸು 10ರ ಘಾತ 23. ಹನ್ನೆರಡನೇ ಸಲದ ಹೊತ್ತಿಗೇ ಕಾಫಿಯ ಒಂದು ಅಣುವೂ ಇದರಲ್ಲಿ ಉಳಿದಿರೋದು ಅನುಮಾನ" ಎಂದು ನೋಟುಬುಕ್ಕಿನಲ್ಲಿ ಬರೆದು ತೋರಿಸಿದಳು. ಲೆಕ್ಕದಲ್ಲಿ ತಪ್ಪಿರಲಿಲ್ಲ.

ಮುಂದಿನ ಭೇಟಿಯಲ್ಲಿ ಆ ಹಾಳೆಯನ್ನೇ ವೈದ್ಯೆಯ ಮುಂದಿಟ್ಟೆ. ಅವರು ಬೇಸರಪಡಲಿಲ್ಲ. ತಮ್ಮ ಶಾಸ್ತ್ರದ ಮೇಲಿರುವ ಅತಿ ದೊಡ್ಡ ಆಕ್ಷೇಪ ಇದೇ ಎಂದು ಒಪ್ಪಿ, ತಮ್ಮ ರೋಗಿಗಳಲ್ಲಿ ಕಂಡದ್ದರಿಂದ ತಾವು ಆ ಶಾಸ್ತ್ರವನ್ನು ನಂಬುವುದಾಗಿ ಹೇಳಿದರು. ನಾನು ಓದಿ ತಿಳಿದದ್ದು ಅವರ ನಂಬಿಕೆಯ ಪರವಾಗಿಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಆವರೆಗಿನ ಅಧ್ಯಯನಗಳನ್ನು ಪರಿಶೀಲಿಸಿ, ಯಾವುದೇ ಕಾಯಿಲೆಗೂ ಹೋಮಿಯೋಪಥಿ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆಯಿಲ್ಲವೆಂದು 2015ರಲ್ಲಿ ಹೇಳಿದೆ. ನನ್ನ ನಿದ್ದೆ ಆ ಹೊತ್ತಿಗೆ ಬಹುಪಾಲು ಮರಳಿತ್ತು, ರಕ್ತದೊತ್ತಡ 132/84ಕ್ಕೆ ಇಳಿದಿತ್ತು. ಆದರೆ ಅದೇ ಅವಧಿಯಲ್ಲಿ ಆರು ಲೋಟ ಕಾಫಿ ನಿಂತಿತ್ತು, ನಡಿಗೆ ಶುರುವಾಗಿತ್ತು, ಉಪ್ಪಿನಕಾಯಿ ತಟ್ಟೆಯಿಂದ ಹೋಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಮಳೆಗಾಲ ಹಿಡಿದು ಕಾರ್ಖಾನೆಯೇ ಶಾಂತವಾಗಿತ್ತು. ಸೀಸೆಯಲ್ಲಿದ್ದದ್ದು ಗುಣಪಡಿಸಿತೆಂದು ಹೇಳಿದರೆ ಈ ಎಲ್ಲದಕ್ಕೂ ಅನ್ಯಾಯ ಮಾಡಿದಂತಾಗುತ್ತದೆ. ಆದರೂ ಆ ಸೀಸೆಗೆ ನಾನು ಋಣಿ. ದಿನಕ್ಕೆ ಎರಡು ಸಲ ನನ್ನನ್ನು ಕೂರಿಸಿದ್ದು ಅದು, ತಿಂಗಳಿಗೊಮ್ಮೆ ಒಬ್ಬರ ಎದುರು ಕುಳಿತು ನಾನು ಹೇಗಿದ್ದೇನೆಂದು ನಿಜ ಹೇಳುವಂತೆ ಮಾಡಿದ್ದೂ ಅದು. ನಿಧಾನ ಮಾಡಿ ಎಂಬ ಒಂದು ಸಾಲಿನ ಸಲಹೆ ನನ್ನಂಥವಳಿಗೆ ಸಾಲುವುದಿಲ್ಲ, ಅದಕ್ಕೊಂದು ವೇಳಾಪಟ್ಟಿ ಬೇಕಿತ್ತು.

ಹೀಗೆ ಹೇಳುವಾಗ ಒಂದು ಭಯವೂ ಇದೆ. ನನ್ನದು ದಿನನಿತ್ಯದ ಒತ್ತಡ. ಎದೆನೋವು, ಉಸಿರು ಕಟ್ಟುವುದು, ವಾರಗಟ್ಟಲೆ ಯಾವುದರಲ್ಲೂ ಆಸೆಯಿಲ್ಲದಿರುವುದು, ಬದುಕೇ ಬೇಡವೆನಿಸುವುದು ಇವುಗಳಿಗೆ ಯಾರೂ ಗುಳಿಗೆ ಕರಗಿಸುತ್ತ ಕಾಯಬಾರದು. ಮನಸ್ಸಿನ ಕಷ್ಟಕ್ಕೆ 14416 ಸಂಖ್ಯೆಯ ಟೆಲಿ ಮಾನಸ್ ಎಂಬ ಸರ್ಕಾರಿ ಉಚಿತ ಸಹಾಯವಾಣಿ 2022ರಿಂದ ಇದೆ, ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು. ಕಾಸರಕದ ಹಸಿ ಬೀಜ, ಪುಡಿಗಳನ್ನು ಮನೆಮದ್ದೆಂದು ಬಾಯಿಗೆ ಹಾಕಿಕೊಳ್ಳುವುದಂತೂ ಪ್ರಾಣಾಪಾಯ. ಅದರಲ್ಲಿ ಸ್ಟ್ರಿಕ್ನಿನ್ ಎಂಬ ವಿಷವಿದೆ.

ನಿಜವಾದ ಪರೀಕ್ಷೆ ಮುಂದಿನ ಹಂಗಾಮಿನಲ್ಲಿ ಎಂದು ನನಗೆ ಗೊತ್ತಿತ್ತು. ಅಕ್ಟೋಬರಿನಲ್ಲೇ ಔಷಧ ನಿಂತಿತ್ತು. ಬೇಕೆನಿಸಿದರೆ ಬನ್ನಿ ಎಂದಿದ್ದರು ವೈದ್ಯೆ. ಡಿಸೆಂಬರಿನ ಮೊದಲ ವಾರ, ಹಂಗಾಮು ಕಾವೇರುವ ಮೊದಲೇ, ಕಾಳು ಆರಿಸುವ ಶೆಡ್ಡಿಗೆ ಹೋಗಿ ನಾನು ಕಿರುಚಿದ್ದ ಆ ಹಿರಿಯರ ಪಕ್ಕ ಕುಳಿತೆ. ಕ್ಷಮೆ ಕೇಳಲು ಹತ್ತು ತಿಂಗಳು ತಡವಾಗಿತ್ತು. "ಬಿಡಿ ಅಕ್ಕಾ, ಆವತ್ತು ನಿಮ್ಮ ಮುಖ ನೋಡಿ ನಂಗೇ ಪಾಪ ಅನ್ಸಿತ್ತು" ಎಂದು ಅವರು ಕಪ್ಪು ಕಾಳೊಂದನ್ನು ಆರಿಸಿ ಪಕ್ಕಕ್ಕೆ ಹಾಕಿದರು. ಅಂದಿನಿಂದ ಮಧ್ಯಾಹ್ನದ ಬುತ್ತಿಯನ್ನು ಅವರೊಂದಿಗೇ ಬಿಚ್ಚುತ್ತೇನೆ. ಅಲ್ಲಿ ಯಾರೂ ಏಳು ನಿಮಿಷದಲ್ಲಿ ಊಟ ಮುಗಿಸುವುದಿಲ್ಲ.

ಜನವರಿಯಲ್ಲಿ ಧಾರಣೆ ಜೋರಾಗಿ ಏರಿದಾಗ ಮೂರು ವಾರ ಎಲ್ಲ ಕ್ರಮವೂ ತಪ್ಪಿತು. ಸಂಜೆಯ ಕಾಫಿ ಮರಳಿತು, ನಡಿಗೆ ನಿಂತಿತು, ರಕ್ತದೊತ್ತಡ 138/88 ತೋರಿಸಿತು. ಒಂದು ರಾತ್ರಿ ಅದೇ ಮೂರು ಗಂಟೆಗೆ ಕಣ್ಣು ಬಿಟ್ಟೆ. ಹಾಸಿಗೆಯಲ್ಲಿ ಹೊರಳಾಡುವ ಬದಲು ಎದ್ದು ಶಾಲು ಹೊದ್ದು ಜಗಲಿಗೆ ಬಂದೆ. ಕತ್ತಲಲ್ಲಿ ಅತ್ತೆ ಕುಳಿತಿದ್ದರು.

"ನಿಂಗೂ ನಿದ್ದೆ ಬರ್ಲಿಲ್ವೇನೆ?" ಎಂದು ಸರಿದು ಜಾಗ ಮಾಡಿಕೊಟ್ಟರು.

ಅವರಿಗೆ ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಮಾವ ಹೋದಾಗಿನಿಂದ ಎಂದರು. ಮಾವ ಹೋಗಿ ಒಂಬತ್ತು ವರ್ಷವಾಗಿತ್ತು. ಒಂದೇ ಮನೆಯ ಎರಡು ಕೋಣೆಗಳಲ್ಲಿ ನಾವಿಬ್ಬರೂ ಒಂದೇ ಹೊತ್ತಿಗೆ ಎದ್ದು, ಒಬ್ಬರಿಗೊಬ್ಬರು ತಿಳಿಯದಂತೆ ಮಲಗಿದ್ದೆವು. ಆ ರಾತ್ರಿ ನಾಲ್ಕೂವರೆಯವರೆಗೆ ಅವರು ಮಾವನ ಬಗ್ಗೆ ಹೇಳಿದರು, ನಾನು ನಡುವೆ ಬಾಯಿ ಹಾಕದೆ ಕೇಳಿದೆ.